ಚೀಲ ಹೆಚ್ಚಿತು, ಕಾಳಿನೊಳಗೆ ಏನಿದೆ?

‘ಎಕರೆಗೆ ಎಷ್ಟು ಚೀಲ ಬಂತು?’ ರಾಶಿ ಮುಗಿದ ಮೇಲೆ ಊರಲ್ಲಿ ಎಲ್ಲರೂ ಕೇಳುವುದು ಇದೊಂದೇ. ಕಾಳಿನಲ್ಲಿ ಪ್ರೊಟೀನು ಎಷ್ಟು ಅಂತ ಕೇಳುವವರಿಲ್ಲ. ಆದರೆ ಶಾವಿಗೆಗೆ, ಬನ್ಸಿ ರವೆಗೆ ಹೋಗುವ ಗಟ್ಟಿ ಗೋಧಿ ಬೆಳೆಯುವ ನಮ್ಮಂಥವರಿಗೆ ಅದು ದರದಲ್ಲೇ ತಟ್ಟುತ್ತದೆ.

ನನ್ನದು ಧಾರವಾಡ ಜಿಲ್ಲೆಯ ಎರೆಹೊಲ. ಒಂದು ತುಂಡಿಗೆ ಬೋರಿನ ನೀರು, ಉಳಿದದ್ದು ಮಳೆಯಾಶ್ರಿತ ಹಿಂಗಾರಿ. ನೀರಾವರಿ ತುಂಡಿನ ಗೋಧಿಯನ್ನು ಖರೀದಿದಾರರೊಬ್ಬರು ಅಂಗೈಯಲ್ಲಿ ಹರಡಿ ನೋಡಿದರು. “ಕಾಳು ದಪ್ಪ ಅದಾವ್ರೀ. ಆದ್ರ ಬಿಳಿ ಮಚ್ಚಿ ಭಾಳ. ರವಾ ಕಡಿಮಿ ಬರ್ತದ, ಹಿಟ್ಟು ಜಾಸ್ತಿ” ಅಂದರು. ದರವೂ ಇಳಿಯಿತು. ಒಣಹೊಲದ ಸಣ್ಣ ಕಾಳು ಮಾತ್ರ ತಕರಾರಿಲ್ಲದೆ ಹೋಯಿತು.

ಲೆಕ್ಕ ಹೀಗಿದೆ

ಪ್ರೊಟೀನಿಗೆ ಸಾರಜನಕ ಬೇಕು. ಗೋಧಿಯಲ್ಲಿ 1 ಕಿಲೋ ಸಾರಜನಕ ಸುಮಾರು 5.7 ಕಿಲೋ ಪ್ರೊಟೀನು ಆಗುತ್ತದೆ. ಒಣಹೊಲದಲ್ಲಿ ಎಕರೆಗೆ 6 ಕ್ವಿಂಟಲ್, ಪ್ರೊಟೀನು ಶೇ. 13 ಎಂದಿಟ್ಟುಕೊಳ್ಳಿ. ಒಟ್ಟು 78 ಕಿಲೋ ಪ್ರೊಟೀನು. ಅದಕ್ಕೆ ಕಾಳು ಸೇರಬೇಕಾದ ಸಾರಜನಕ ಸುಮಾರು 14 ಕಿಲೋ. ನೀರು ಕೊಟ್ಟು 12 ಕ್ವಿಂಟಲ್ ತೆಗೆದರೆ ಅದೇ ಶೇ. 13 ಉಳಿಯಲು 27 ಕಿಲೋ ಬೇಕು. ಸಿಕ್ಕಿದ್ದು 20 ಕಿಲೋ ಮಾತ್ರವಾದರೆ ಪ್ರೊಟೀನು ಶೇ. 9.5ಕ್ಕೆ ಇಳಿಯುತ್ತದೆ. ಹಾಲಿಗೆ ನೀರು ಬೆರೆತ ಹಾಗೆ, ಪಿಷ್ಟ ಹೆಚ್ಚಿ ಪ್ರೊಟೀನು ತೆಳುವಾಗುತ್ತದೆ.

ಆದರೆ ಇನ್ನೊಂದು ಬದಿಯೂ ನೋಡಿ. ಆ 12 ಕ್ವಿಂಟಲಿನಲ್ಲಿ ಒಟ್ಟು ಪ್ರೊಟೀನು 114 ಕಿಲೋ! ಶೇಕಡಾ ಇಳಿದರೂ ಎಕರೆಯ ಲೆಕ್ಕದಲ್ಲಿ ಏರಿದೆ. ಕಾಳು ತುಂಬುವಾಗ ತೇವ ತಪ್ಪಿದರೆ ಮೊದಲು ನಿಲ್ಲುವುದು ಪಿಷ್ಟ. ಆಗ ಜೊಳ್ಳು ಕಾಳಿನಲ್ಲೂ ಶೇಕಡಾ ಹೆಚ್ಚು ತೋರುತ್ತದೆ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದರಲ್ಲಿ ಅರ್ಥವಿಲ್ಲ.

ತಳಿಯಿಂದಲೇ ಇದನ್ನು ಗೆಲ್ಲಬಹುದೇ? ಅಮೆರಿಕದ ಇಲಿನಾಯ್‌ನಲ್ಲಿ 1896ರಿಂದ ಮೆಕ್ಕೆಜೋಳದಲ್ಲಿ ಹೆಚ್ಚು ಪ್ರೊಟೀನಿನ ತೆನೆಗಳನ್ನೇ ಆರಿಸುತ್ತ ಬಂದರು. ಸುಮಾರು ಶೇ. 11 ಇದ್ದದ್ದು ನೂರು ತಲೆಮಾರಿನಲ್ಲಿ ಶೇ. 30ರ ಹತ್ತಿರ ಹೋಯಿತು, ಇಳುವರಿ ಕುಸಿಯಿತು. ಒಂದು ತೂಕ ಪ್ರೊಟೀನು ಕಟ್ಟಲು ಗಿಡಕ್ಕೆ ಪಿಷ್ಟದ ಸುಮಾರು ಎರಡು ಪಟ್ಟು ಸಕ್ಕರೆ ಖರ್ಚು. ನಮ್ಮ ಜವೆಗೋಧಿಯ ಕಾಡು ಬಂಧುವಿನಲ್ಲಿ ಎಲೆಯ ಸಾರಜನಕವನ್ನು ಬೇಗ ಕಾಳಿಗೆ ಸಾಗಿಸುವ ಒಂದು ಜೀನ್ 2006ರಲ್ಲಿ ಪತ್ತೆಯಾಯಿತು. ಅದು ಕಬ್ಬಿಣ, ಸತುವನ್ನೂ ಕಾಳಿಗೆ ತರುತ್ತದೆ. ಆದರೂ ಮಣ್ಣಿನಲ್ಲಿ ಇಲ್ಲದ್ದನ್ನು ಯಾವ ಜೀನೂ ತಂದುಕೊಡದು.

ಬ್ಲೇಡು ಸಾಕು

ಗಟ್ಟಿ ಗೋಧಿಯಾದರೆ ಪ್ರಯೋಗಾಲಯ ಬೇಡ. ರಾಶಿಯ ನಾಲ್ಕಾರು ಕಡೆಯಿಂದ 100 ಕಾಳು ಎಣಿಸಿ, ಅಡ್ಡಕ್ಕೆ ಕತ್ತರಿಸಿ. ಗಾಜಿನಂತೆ ಹೊಳೆದರೆ ಪ್ರೊಟೀನು ಚೆನ್ನಾಗಿದೆ. ಸುಣ್ಣದಂತೆ ಬೆಳ್ಳಗಿನ ಮಚ್ಚೆಯ ಕಾಳು ಬಹಳವಿದ್ದರೆ ಬೆಳೆಗೆ ಸಾರಜನಕ ಸಾಲದೆ ಹೋಗಿದೆ. ಆದರೆ ಕೊಯ್ಲಿನ ಹೊತ್ತಿಗೆ ಮಳೆ ಹೊಡೆದಿದ್ದರೂ ಕಾಳು ಬಿಳಿಚುತ್ತದೆ, ಆಗ ಈ ಪರೀಕ್ಷೆ ನಂಬಬೇಡಿ. ನನ್ನ ನೀರಾವರಿ ಗೋಧಿಯ ನೂರರಲ್ಲಿ ನಲವತ್ತಕ್ಕೂ ಮಿಕ್ಕಿ ಮಚ್ಚೆ ಇತ್ತು. ಒಣಹೊಲದ್ದರಲ್ಲಿ ಹತ್ತೂ ಇರಲಿಲ್ಲ.

ನೀರಾವರಿ ಇದ್ದವರು ಯೂರಿಯಾ ಎಲ್ಲವನ್ನೂ ಮೊದಲೇ ಸುರಿಯದೆ, ಒಂದು ಪಾಲನ್ನು ಹೊಡೆ ಹಂತದ ನೀರಿಗೆ ಉಳಿಸಿಕೊಳ್ಳುವುದು ಒಳ್ಳೆಯದು. ಮೊದಲೇ ಹೆಚ್ಚಾದರೆ ಬೆಳೆ ಮಲಗುತ್ತದೆ. ಹೂ ಬಿಟ್ಟ ಮೇಲೆ ಶೇ. 2ರ ಯೂರಿಯಾ ಸಿಂಪಡಿಸುವುದೂ ಉಂಟು. ಲೀಟರಿಗೆ 20 ಗ್ರಾಂ, ಸಂಜೆಯ ತಂಪಿನಲ್ಲಿ. ಇದರಿಂದ ಬಹಳ ನಿರೀಕ್ಷೆ ಬೇಡ. ಎಕರೆಗೆ 200 ಲೀಟರ್ ಎಂದರೆ 4 ಕಿಲೋ ಯೂರಿಯಾ, ಸಾರಜನಕ 1.84 ಕಿಲೋ. ಒಂದು ಹನಿಯೂ ಪೋಲಾಗದೆ ಕಾಳು ಸೇರಿದರೂ 10 ಕ್ವಿಂಟಲ್ ಬೆಳೆಯಲ್ಲಿ ಏರುವುದು ಶೇ. 1 ಮಾತ್ರ.

ಮನೆ ಊಟದ ಮಟ್ಟಿಗೆ ಆ ಶೇ. 1 ಎಂದರೆ 100 ಗ್ರಾಂ ಹಿಟ್ಟಿಗೆ 1 ಗ್ರಾಂ. ಒಂದು ಹಿಡಿ ಕಡಲೆ ಅದರ ಹಲವು ಪಟ್ಟು ಕೊಡುತ್ತದೆ, ಹೊಲಕ್ಕೂ ಒಂದಿಷ್ಟು ಸಾರಜನಕ ಬಿಟ್ಟು ಹೋಗುತ್ತದೆ. ನೀರಾವರಿ ತುಂಡಿಗೆ ಈ ಹಿಂಗಾರಿ ಕಡಲೆಯನ್ನೇ ಬಿತ್ತಿದ್ದೇನೆ. ಗೋಧಿ ಅದರ ಮುಂದಿನ ವರ್ಷಕ್ಕೆ. ಆಗ ಮತ್ತೆ ನೂರು ಕಾಳು ಕತ್ತರಿಸಬೇಕು.