ವೀಟೋ ಅಧಿಕಾರಕ್ಕೆ ಮಿತಿ ಬೇಕೆ? – ಒಂದು ಚರ್ಚಾವಿಷಯದ ವಿವರಣೆ

ನಮ್ಮ ಚರ್ಚಾಕೂಟದಲ್ಲಿ ಬಾಲಿಕೆಯರು ಪರರಾಷ್ಟ್ರಗಳ ಪ್ರತಿನಿಧಿಗಳಾಗಿ ಕುಳಿತು ಮಾದರಿ ಭದ್ರತಾ ಮಂಡಳಿಯನ್ನು ನಡೆಸುವುದುಂಟು. ಇದರಿಂದ ಆಗತಕ್ಕ ಪ್ರಯೋಜನವೇನೆಂದು ಕೆಲವು ತಂದೆತಾಯಿಗಳು ವಿಚಾರಿಸಿರುವರು. ಅವರಿಗೆ ಉತ್ತರವಾಗಿ, ಅಲ್ಲಿ ಪದೇ ಪದೇ ಚರ್ಚೆಗೆ ಬರುವ ವೀಟೋ ಎಂಬ ತಡೆಯಧಿಕಾರದ ವಿಷಯವನ್ನು ಸಂಕ್ಷೇಪವಾಗಿ ವಿವರಿಸುವೆನು.

ವಿಶ್ವಸಂಸ್ಥೆಯ ಸನ್ನದಿಗೆ 1945ನೆಯ ಇಸವಿ ಜೂನ್ 26ರಂದು ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ರುಜುವಾಯಿತು. ಭಾರತದ ಪರವಾಗಿ ರುಜು ಹಾಕಿದವರಲ್ಲಿ, ತರುವಾಯ ಮೈಸೂರಿನ ದಿವಾನರಾದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರೂ ಒಬ್ಬರು. ಭದ್ರತಾ ಮಂಡಳಿಯ 15 ಸದಸ್ಯರಾಷ್ಟ್ರಗಳಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯ, ಚೀನ ಎಂಬ ಐದು ಶಾಶ್ವತವಾದವು. ಉಳಿದ 10 ಎರಡು ವರ್ಷಗಳ ಅವಧಿಗೆ ಚುನಾಯಿತವಾಗತಕ್ಕವು. ನಿರ್ಣಯವು ಅಂಗೀಕೃತವಾಗಲು 9 ಮತಗಳು ಬೇಕು. ಮೇಲಾಗಿ ಆ ಐವರಲ್ಲಿ ಒಬ್ಬರೂ ವಿರುದ್ಧ ಮತ ಕೊಟ್ಟಿರಕೂಡದು. ಸಭೆಯ ಕಾರ್ಯಕ್ರಮವನ್ನು ಕುರಿತ ವಿಷಯಗಳಿಗೆ ಮಾತ್ರ ಈ ತಡೆಯಿಲ್ಲ. ಮತ ಕೊಡದೆ ತಟಸ್ಥರಾಗಿರುವುದು ತಡೆಯೆಂದು ಎಣಿಸಲ್ಪಡದು.

ಇದು ಅನ್ಯಾಯವೆಂದು ಬಾಲಿಕೆಯರಿಗೆ ಮೊದಲು ತೋರುವುದು ಸಹಜವೇ. 2022ನೆಯ ಫೆಬ್ರವರಿ 25ರಂದು, ಯುಕ್ರೇನಿನ ಮೇಲಣ ದಾಳಿಯನ್ನು ಖಂಡಿಸುವ ನಿರ್ಣಯಕ್ಕೆ 11 ಮತಗಳು ದೊರೆತವು. ಭಾರತವೂ ಸೇರಿ 3 ರಾಷ್ಟ್ರಗಳು ತಟಸ್ಥವಾಗಿದ್ದವು. ದಾಳಿಮಾಡಿದ ರಷ್ಯವೊಂದರ ವಿರುದ್ಧಮತದಿಂದಲೇ ನಿರ್ಣಯವು ಬಿದ್ದುಹೋಯಿತು. ಆದರೆ 1961ನೆಯ ಡಿಸೆಂಬರಿನಲ್ಲಿ, ಗೋವೆಯಿಂದ ಭಾರತವು ತನ್ನ ಸೈನ್ಯವನ್ನು ಹಿಂದೆಗೆಯಬೇಕೆಂಬ ನಿರ್ಣಯಕ್ಕೆ 7 ಮತಗಳು ಬಿದ್ದಾಗ, ಅದನ್ನು ನಿಲ್ಲಿಸಿದ್ದೂ ಸೋವಿಯತ್ ಒಕ್ಕೂಟದ ವೀಟೋವೇ. ಹೀಗೆ ಒಂದೇ ಆಯುಧವು ಒಮ್ಮೆ ನಮಗೆ ಆಸರೆಯಾಗಿಯೂ ಮತ್ತೊಮ್ಮೆ ಪರರಿಗೆ ಕಂಟಕವಾಗಿಯೂ ಕಾಣುವುದು. ತನಗೆ ಹಿತವಾದಾಗ ಹೊಗಳಿ, ಅಹಿತವಾದಾಗ ತೆಗಳುವುದು ನ್ಯಾಯವಾದವಲ್ಲವೆಂಬುದನ್ನು ಮಕ್ಕಳು ಇಲ್ಲಿ ಕಲಿಯುವರು.

ಪ್ರತಿಪಕ್ಷದವರಿಗೂ ಬಲವಾದ ಕಾರಣಗಳುಂಟು. ಹಿಂದಣ ರಾಷ್ಟ್ರಗಳ ಲೀಗಿನ ಮಂಡಳಿಯಲ್ಲಿ ಸಾಮಾನ್ಯವಾಗಿ ಸರ್ವರ ಒಪ್ಪಿಗೆಯೂ ಅಗತ್ಯವಾಗಿತ್ತು. ಅದಕ್ಕೆ ಹೋಲಿಸಿದರೆ 1945ರ ಏರ್ಪಾಡು ತಡೆಯುವ ಹಕ್ಕನ್ನು ಐವರಿಗೆ ಇಳಿಸಿತು. ಮಹಾಶಕ್ತಿಗಳ ಇಷ್ಟಕ್ಕೆ ವಿರುದ್ಧವಾಗಿ ನಿರ್ಣಯ ಮಾಡಹೊರಟರೆ ಅವು ಸಂಸ್ಥೆಯನ್ನೇ ತೊರೆದಾವು, ಇಲ್ಲವೇ ಮಹಾಯುದ್ಧವೇ ಒದಗೀತು ಎಂಬುದು ಅವರ ಭಯ.

ಹಾಗಾದರೆ ಮಿತಿಯನ್ನು ಹೇಗೆ ಹಾಕುವುದು? ಸನ್ನದನ್ನೇ ತಿದ್ದೋಣವೆಂದರೆ, 108ನೆಯ ವಿಧಿಯಂತೆ ಅದಕ್ಕೂ ಐವರ ಸಮ್ಮತಿ ಬೇಕು. ಆದಕಾರಣ ಚತುರೆಯರಾದ ವಾದಿಗಳು ಬೇರೆ ದಾರಿಗಳನ್ನು ಹುಡುಕುವರು. ಸಾಮೂಹಿಕ ಹತ್ಯೆಯಂಥ ಪ್ರಸಂಗಗಳಲ್ಲಿ ಐವರೂ ಸ್ವಇಚ್ಛೆಯಿಂದ ವೀಟೋವನ್ನು ಬಳಸದಿರಲೆಂದು ಫ್ರಾನ್ಸ್ ಮತ್ತು ಮೆಕ್ಸಿಕೊ 2015ರಲ್ಲಿ ಸೂಚಿಸಿದವು. 2022ನೆಯ ಏಪ್ರಿಲ್ 26ರಂದು ಸಾಮಾನ್ಯ ಸಭೆಯು ಮತ್ತೊಂದು ನಿಯಮವನ್ನು ಮಾಡಿತು: ಯಾರಾದರೂ ವೀಟೋ ಹಾಕಿದಲ್ಲಿ, 10 ಕೆಲಸದ ದಿನಗಳೊಳಗೆ ಸಭೆಯು ಕೂಡಿ ಆ ವಿಷಯವನ್ನು ಚರ್ಚಿಸತಕ್ಕದ್ದು. ತಡೆಯು ಇದರಿಂದ ರದ್ದಾಗುವುದಿಲ್ಲ. ಆದರೆ ತಡೆದವರು ಲೋಕದೆದುರಿಗೆ ಕಾರಣ ಹೇಳಬೇಕಾದ ಸಂದರ್ಭವು ಒದಗುವುದು.

ಈ ಕೊನೆಯ ಮಾತೇ ನಮ್ಮ ಬಾಲಿಕೆಯರಿಗೆ ಮುಖ್ಯವಾದದ್ದು. ಮನೆಯ ಹಿರಿಯರೊಬ್ಬರ ‘ಬೇಡ’ ಎಂಬ ಒಂದೇ ಮಾತಿನಿಂದ ಎಷ್ಟೋ ಹೆಣ್ಣುಮಕ್ಕಳ ಓದು ನಿಂತುಹೋದದ್ದನ್ನು ನಾವು ಬಲ್ಲೆವು. ಆ ಮಾತಿಗೆ ಕಾರಣವನ್ನು ವಿನಯದಿಂದ ಕೇಳುವ ಧೈರ್ಯವೂ, ಮುಂದೆ ತಮಗೇ ಅಧಿಕಾರ ಬಂದಾಗ ತಮ್ಮ ‘ಬೇಡ’ಕ್ಕೆ ಕಾರಣವನ್ನು ಕೊಡುವ ನ್ಯಾಯಬುದ್ಧಿಯೂ ಅವರಲ್ಲಿ ಬೆಳೆಯಲಿ ಎಂಬುದೇ ನಮ್ಮ ಪ್ರಾರ್ಥನೆ. ಹಳೆಯ ವಿದ್ಯಾರ್ಥಿನಿಯರು ಚರ್ಚಾಕೂಟಕ್ಕೆ ದಯಮಾಡಿಸಿ ಈ ಕಿರಿಯ ಸೋದರಿಯರ ವಾದಗಳನ್ನು ಆಲಿಸಿದರೆ ಬಹು ಸಂತೋಷ.