ಛಾವಣಿಗೆ ಬಿಸಿಲಿನ ಲೆಕ್ಕ, ಗೋಡೆಗೆ ಕಣ್ಣಿನ ಲೆಕ್ಕ

ಎರಡು ಹಳೆಯ ಸರಕು ಕಂಟೇನರ್‌ಗಳನ್ನು ಆರು ಮೀಟರ್ ಅಂತರದಲ್ಲಿ ಎದುರುಬದುರಾಗಿ ಇಟ್ಟು, ಅವುಗಳ ಮೇಲೆ ಕಬ್ಬಿಣದ ಕಮಾನು ಕೂರಿಸಿ, ದಪ್ಪ ಹೊದಿಕೆ ಬಿಗಿದರೆ ಒಂದು ಶೆಡ್ ಸಿದ್ಧ. ನಡುವಿನ ನೆರಳಲ್ಲಿ ಟ್ರ್ಯಾಕ್ಟರ್, ರಾಶಿ ಯಂತ್ರ ನಿಲ್ಲುತ್ತವೆ. ಬದಿಯ ಪೆಟ್ಟಿಗೆಗಳಲ್ಲಿ ಬೀಜ, ಗೊಬ್ಬರ, ಪೈಪು, ಬಿಡಿಭಾಗ ಸೇರುತ್ತವೆ. ಜಾಗ ಬದಲಾಯಿಸಬೇಕಾದರೆ ಹೊದಿಕೆ ಬಿಚ್ಚಿ, ಪೆಟ್ಟಿಗೆಗಳನ್ನು ಕ್ರೇನ್‌ನಿಂದ ಲಾರಿಗೆ ಏರಿಸಿದರಾಯಿತು. ಗುತ್ತಿಗೆದಾರರಿಗೆ, ದೊಡ್ಡ ಹಿಡುವಳಿದಾರರಿಗೆ, ರೈತ ಉತ್ಪಾದಕ ಸಂಘಗಳಿಗೆ ಒಗ್ಗುವ ವ್ಯವಸ್ಥೆ ಇದು.

ಕೊಳ್ಳಲು ಹೋದವರ ಮುಂದೆ ಮಾರಾಟಗಾರ ಮೊದಲು ಬಿಚ್ಚಿಡುವುದು ಬಣ್ಣಗಳ ಪಟ್ಟಿಯನ್ನು. ಹಸಿರು ಚೆನ್ನಾಗಿ ಕಾಣುತ್ತದೆ, ನೀಲಿ ಕೊಳೆ ತೋರಿಸುವುದಿಲ್ಲ ಎಂಬ ಮಾತಿನಲ್ಲೇ ವ್ಯವಹಾರ ಮುಗಿಯುವುದೂ ಉಂಟು. ಬೀದರ್ ನಗರ, ಭಾಲ್ಕಿ, ಔರಾದ್ ಕಡೆ ಈ ಆಯ್ಕೆಯಲ್ಲಿ ಬಿಸಿಲು, ಗಾಳಿ, ಮಣ್ಣು ಮೂರನ್ನೂ ಕೇಳಬೇಕು.

ನೆತ್ತಿಯ ಮೇಲಿನ ಸೂರ್ಯ

ಬೀದರ್ ಇರುವುದು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ಎರಡನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ನಟ್ಟನೆತ್ತಿಗೆ ಬರುತ್ತಾನೆ. ಕಂಬದ ನೆರಳು ಕಂಬದ ಬುಡದಲ್ಲೇ ಅಡಗುವ ಆ ದಿನಗಳಲ್ಲಿ ಗೋಡೆಗಳಿಗೆ ನಡುಮಧ್ಯಾಹ್ನದ ನೇರ ಬಿಸಿಲು ತಾಕುವುದೇ ಇಲ್ಲ. ಎಲ್ಲವೂ ಛಾವಣಿಯ ಪಾಲು.

20 ಅಡಿ ಉದ್ದದ ಕಂಟೇನರ್‌ನ ಅಳತೆ ಜಗತ್ತಿನೆಲ್ಲೆಡೆ ಒಂದೇ: ಉದ್ದ 6.06 ಮೀಟರ್, ಅಗಲ 2.44 ಮೀಟರ್. ಅಂದರೆ ಅದರ ಛಾವಣಿ ಹೆಚ್ಚುಕಡಿಮೆ 15 ಚದರ ಮೀಟರ್. ಶುಭ್ರ ಆಕಾಶದ ನಡುಹಗಲಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ. ಕಡುಬಣ್ಣದ ಛಾವಣಿ ಇದರಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಹೀರುತ್ತದೆ. ಒಳ್ಳೆಯ ಬಿಳಿ ಬಣ್ಣ ಬಳಿದ ಛಾವಣಿ ಹೀರುವುದು ಎರಡು ಪಾಲನ್ನು ಮಾತ್ರ. ಒಂದರ ಮೇಲೆ 13 ಇಸ್ತ್ರಿ ಪೆಟ್ಟಿಗೆ ಕಾಯುತ್ತಿದ್ದರೆ ಇನ್ನೊಂದರ ಮೇಲೆ 3 ಎಂದುಕೊಳ್ಳಬಹುದು. ಕಂಟೇನರ್‌ನ ಛಾವಣಿ ಸುಮಾರು 2 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು, ಕಾವನ್ನು ತಡೆದು ನಿಲ್ಲಿಸುವ ಯಾವುದೂ ಅದರಲ್ಲಿಲ್ಲ.

ಹಾಗಾದರೆ ಬಣ್ಣವೇ ಇಲ್ಲದ ಹೊಳೆಯುವ ಪತ್ರಾ ಸಾಲದೇ? ಹೊಸ ಸತುಲೇಪಿತ ಪತ್ರಾ ಬಿಸಿಲನ್ನು ಚೆನ್ನಾಗಿಯೇ ಹಿಂದಕ್ಕೆ ತಳ್ಳುತ್ತದೆ. ಆದರೆ ಒಮ್ಮೆ ಒಳಗೆ ಹೀರಿಕೊಂಡ ಕಾವನ್ನು ಹೊರಕ್ಕೆ ಬಿಡುವುದರಲ್ಲಿ ಅದು ಬಲು ಜಿಪುಣ. ಅದಕ್ಕೇ ಬರಿಯ ಪತ್ರಾ ಸಂಜೆಯ ತನಕ ಮುಟ್ಟಲಾಗದಷ್ಟು ಸುಡುತ್ತಿರುತ್ತದೆ. ಬಣ್ಣದ ಲೇಪ, ಅದು ಯಾವ ಬಣ್ಣದ್ದೇ ಇರಲಿ, ಕಾವನ್ನು ಬೇಗ ಹೊರಗೆ ಹಾಕುತ್ತದೆ; ಬಿಳಿಯದಾದರೆ ಎರಡೂ ಲಾಭ.

ಬೀದರಿನ ಪಕ್ಕದ ರಾಜ್ಯ ಇದನ್ನು ಸರ್ಕಾರಿ ನೀತಿಯನ್ನಾಗಿಯೇ ಮಾಡಿಕೊಂಡಿದೆ. ತೆಲಂಗಾಣ 2023ರಲ್ಲಿ ತಂಪು ಛಾವಣಿ ನೀತಿ ಹೊರಡಿಸಿ, ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು. ಅದಕ್ಕೂ ಮೊದಲು ಅಹಮದಾಬಾದ್ ನಗರ ತನ್ನ ಬಿಸಿಗಾಳಿ ಯೋಜನೆಯ ಭಾಗವಾಗಿ ಬಡಾವಣೆಗಳ ಛಾವಣಿಗಳಿಗೆ ಬಿಳಿ ಬಳಿಸಿತ್ತು.

ಹೊದಿಕೆಯ ಬಣ್ಣ, ಒಳಗಿನ ಬೆಳಕು

ಎರಡು ಪೆಟ್ಟಿಗೆಗಳ ನಡುವಿನ ಕಮಾನಿಗೆ ಹಾಕುವ ಹೊದಿಕೆಯ ಲೆಕ್ಕ ಸ್ವಲ್ಪ ಬೇರೆ, ಅದು ಬೆಳಕನ್ನೂ ಒಳಗೆ ಬಿಡುತ್ತದೆ. ಬಿಳಿ ಪಿವಿಸಿ ಹೊದಿಕೆ ನೂರಕ್ಕೆ ಐದರಷ್ಟು ಬೆಳಕು ಬಿಟ್ಟರೂ ಹಗಲಲ್ಲಿ ಬಲ್ಬು ಬೇಕಾಗುವುದಿಲ್ಲ. ನೀಲಿ ತಾಡಪತ್ರಿಯ ಕೆಳಗೆ ಮಾತ್ರ ಎಲ್ಲವೂ ನೀಲಿ. ತೊಗರಿಯ ಕೆಂಪು, ಸೋಯಾ ಕಾಳಿನ ಹಳದಿ, ಹೆಸರಿನ ಹಸಿರು ತಮ್ಮ ಬಣ್ಣದಲ್ಲಿ ಕಾಣುವುದಿಲ್ಲ. ಕಾಳು ನೋಡಿ ದರ ಕಟ್ಟುವ ವ್ಯಾಪಾರಿ ಒಂದು ಮುಷ್ಟಿ ತೆಗೆದುಕೊಂಡು ಬಿಸಿಲಿಗೆ ಬಂದು ನಿಲ್ಲುವುದು ಇದಕ್ಕೇ. ತರಕಾರಿ ಮಾರುವವರು ಟೊಮೆಟೊ ಮೇಲೆ ಕೆಂಪು ಛತ್ರಿ ಹಿಡಿಯುವುದೂ ಇದೇ ಗುಟ್ಟಿನಿಂದ. ಕಾಳು ಅಳೆಯುವ, ಬೀಜ ಆರಿಸುವ ಜಾಗಕ್ಕೆ ಬಿಳಿ ಅಥವಾ ತಿಳಿಬೂದು ಹೊದಿಕೆಯೇ ಸರಿ.

ಕಪ್ಪಿಗೂ ಒಂದು ಗುಣವಿದೆ. ಪ್ಲಾಸ್ಟಿಕ್ಕನ್ನು ಸೀಳುಸೀಳಾಗಿಸುವ ಅತಿನೇರಳೆ ಕಿರಣಗಳನ್ನು ತಡೆಯುವುದರಲ್ಲಿ ಅದರೊಳಗಿನ ಇಂಗಾಲದ ಪುಡಿ ಗಟ್ಟಿ. ಹಾಗಾಗಿ ಒಂದು ಮಗ್ಗುಲು ಬೆಳ್ಳಿ, ಇನ್ನೊಂದು ಮಗ್ಗುಲು ಕಪ್ಪು ಇರುವ ತಾಡಪತ್ರಿಗಳು ಪೇಟೆಗೆ ಬಂದಿವೆ. ಬೆಳ್ಳಿ ಮೇಲಿರಬೇಕು, ತಿರುವಿ ಹಾಕಿದರೆ ಲೆಕ್ಕವೂ ತಿರುವುಮುರುವು. ದನ ಕಟ್ಟುವ ಜಾಗವಾದರೆ ಹೊದಿಕೆ ಎತ್ತರಕ್ಕಿರಬೇಕು, ಅಂಚುಗಳು ತೆರೆದಿರಬೇಕು. ಔರಾದ್ ಕಡೆಯ ದೇವಣಿ ದನಗಳು ಬಿಸಿಲಿಗೆ ಹೊಂದಿಕೊಂಡ ತಳಿಯೇ ಆದರೂ, ತಲೆಯ ಮೇಲೆ ಹತ್ತಿರದಲ್ಲೇ ಕಾದ ಹೊದಿಕೆ ಇದ್ದರೆ ನೆರಳಲ್ಲಿ ನಿಂತೂ ಏದುಸಿರು ಬಿಡುತ್ತವೆ.

ಅಲಂಕಾರಕ್ಕೆ ಗೋಡೆಗಳಿವೆ

ಹಾಗೆಂದು ಶೆಡ್ಡಿಗೆಲ್ಲ ಸುಣ್ಣ ಬಳಿದಂತೆ ಬಿಳಿ ಹೊಡೆಯಬೇಕಿಲ್ಲ. ಬೀದರಿನ ಹಳೆಯ ಕಟ್ಟಡಗಳಲ್ಲೇ ಇದಕ್ಕೊಂದು ಮಾದರಿಯಿದೆ. 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸಾದ ಮುಂಗೋಡೆಯಲ್ಲಿ ನೀಲಿ, ಬಿಳಿ, ಹಳದಿ, ಹಸಿರು ಹೆಂಚುಗಳ ಅಲಂಕಾರ ಅಲ್ಲಲ್ಲಿ ಉಳಿದಿದೆ. ಅಷ್ಟೂರಿನಲ್ಲಿ ಎರಡನೆಯ ಅಲಾವುದ್ದೀನ್ ಅಹಮದ್ ಶಾಹನ ಗೋರಿಯ ಮುಂಭಾಗದಲ್ಲೂ ನೀಲಿ ಹೆಂಚುಗಳಿವೆ. ಮೇಲಿನ ಗುಮ್ಮಟಕ್ಕೆ ಗಾರೆಯ ಗಿಲಾವು. ಕೋಟೆಯ ರಂಗೀನ್ ಮಹಲಿನಲ್ಲಿ ಬಣ್ಣದ ಹೆಂಚೂ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪೂ ಗೋಡೆ ಬಾಗಿಲುಗಳ ಸುತ್ತ ಇವೆ, ಬಂದವರ ಕಣ್ಣಿನ ಮಟ್ಟದಲ್ಲಿ.

ಹಳೆಯ ಕಂಟೇನರ್‌ಗಳು ಬರುವುದು ಹಡಗು ಕಂಪನಿಗಳ ಬಣ್ಣದಲ್ಲಿ: ಎವರ್‌ಗ್ರೀನ್ ಹಸಿರು, ಹಪಾಗ್ ಲಾಯ್ಡ್ ಕಿತ್ತಳೆ, ಮೇರ್ಸ್ಕ್ ಬೂದು. ಛಾವಣಿಗೆ ಬಿಳಿ ಬಳಿದು ಬದಿಗಳನ್ನು ಇದ್ದ ಬಣ್ಣದಲ್ಲೇ ಬಿಟ್ಟರೂ ಕಾವಿನ ದೃಷ್ಟಿಯಿಂದ ದೊಡ್ಡ ನಷ್ಟವಿಲ್ಲ. ಇಳಿಹೊತ್ತಿನ ಬಿಸಿಲು ಬೀಳುವ ಪಶ್ಚಿಮದ ಗೋಡೆಯೊಂದು ತಿಳಿಬಣ್ಣದ್ದಾದರೆ ಸಾಕು. ಬೀದರ್ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಗೋಡೆಯ ಕೆಳಗಿನ ಎರಡು ಅಡಿಗೆ ಇಟ್ಟಿಗೆಗೆಂಪು ಪಟ್ಟಿ ಎಳೆಯುವುದು ಜಾಣತನ. ಮಳೆಹನಿ ನೆಲಕ್ಕೆ ಬಡಿದು ಸಿಡಿಸುವ ಕೆಂಪು ರಾಡಿ ಅದರಲ್ಲಿ ಕಾಣುವುದಿಲ್ಲ. ಔರಾದ್, ಭಾಲ್ಕಿಯ ಎರೆಭೂಮಿಯಲ್ಲಾದರೆ ಆ ಪಟ್ಟಿ ಕಡುಬೂದು ಇರಲಿ.

ಗಾಳಿ ಬೀಸಿದಾಗ

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು, ಬಿರುಗಾಳಿ, ಒಮ್ಮೊಮ್ಮೆ ಆಲಿಕಲ್ಲು ಒಟ್ಟಿಗೇ ಬರುವ ಸೀಮೆ ಇದು. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿ ಪ್ರತಿ ಚದರ ಮೀಟರಿಗೆ ಸುಮಾರು 47 ಕಿಲೋ ತೂಕದಷ್ಟು ಒತ್ತಡ ಹಾಕುತ್ತದೆ. ಆರು ಮೀಟರ್ ಉದ್ದಗಲದ ಹೊದಿಕೆಯನ್ನು ಅಷ್ಟೇ ಒತ್ತಡ ಮೇಲಕ್ಕೆಳೆದರೆ ಒಟ್ಟು 1,700 ಕಿಲೋ. ಖಾಲಿ ಕಂಟೇನರ್ ಒಂದರ ತೂಕವೇ ಎರಡು ಟನ್ನಿಗೆ ತುಸು ಮೇಲೆ. ಹೊದಿಕೆಗೆ ಬಲವಾದ ಆಸರೆ ಸಿಗುವುದು ಈ ಭಾರದಿಂದ. ಹಗ್ಗವನ್ನು ನೆಲದ ಗೂಟಕ್ಕೆ ಬಿಗಿಯುವುದಕ್ಕಿಂತ ಕಂಟೇನರ್‌ನ ಮೂಲೆಗಳಲ್ಲಿರುವ ಎರಕದ ಉಕ್ಕಿನ ಅಚ್ಚುಗಳಿಗೆ ಬಿಗಿಯುವುದು ಭದ್ರ. ಎರೆಮಣ್ಣಿನಲ್ಲಂತೂ ಗೂಟವನ್ನು ನಂಬುವಂತಿಲ್ಲ: ಬೇಸಿಗೆಯಲ್ಲಿ ಬಿರುಕು ಬಿಡುವ ಮಣ್ಣು ಮಳೆಗೆ ಉಬ್ಬಿ, ಮೆದುವಾಗಿ ಗೂಟದ ಹಿಡಿತ ಸಡಿಲಿಸುತ್ತದೆ. ಅದೇ ಮಣ್ಣು ಪೆಟ್ಟಿಗೆಯ ಒಂದು ಮೂಲೆಯನ್ನು ಕುಸಿಸಿದರೆ ಕಂಟೇನರ್‌ನ ಬಾಗಿಲು ಬಿಗಿದು ತೆರೆಯದಂತಾಗುತ್ತದೆ. ಹಾಗಾಗಿ ಗರಸು ತುಂಬಿ ಗಟ್ಟಿ ಮಾಡಿದ ಜಾಗದ ಮೇಲೆ ನಾಲ್ಕೂ ಮೂಲೆಗೆ ಕಾಂಕ್ರೀಟ್ ದಿಮ್ಮಿ ಕೊಡಬೇಕು.

ಆಕಾರದಲ್ಲಿ ಚಪ್ಪಟೆ ಹೊದಿಕೆ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಅಪಾಯಕಾರಿ. ಜೋತುಬಿದ್ದ ಕಡೆ ಹತ್ತು ಸೆಂಟಿಮೀಟರ್ ನೀರು ನಿಂತರೆ ಪ್ರತಿ ಚದರ ಮೀಟರಿಗೆ 100 ಕಿಲೋ ಭಾರ. ಕಮಾನಿನ ಮೇಲೆ ನೀರು ನಿಲ್ಲುವುದಿಲ್ಲ, ಗಾಳಿಯೂ ಜಾರಿ ಹೋಗುತ್ತದೆ. ಕಮಾನಿನ ಎರಡೂ ತುದಿಯಲ್ಲಿ ಮೇಲ್ಭಾಗ ತೆರೆದಿದ್ದರೆ ಒಳಗಿನ ಬಿಸಿಗಾಳಿ ಹೊರಬೀಳುತ್ತದೆ. ಹೊದಿಕೆಯನ್ನು ಕಂಟೇನರ್‌ಗಳ ಮೇಲೂ ಚಾಚಿ, ನಡುವೆ ಒಂದಡಿ ಸಂದು ಬಿಟ್ಟರೆ ಪೆಟ್ಟಿಗೆಯ ಛಾವಣಿಗೆ ಬಿಸಿಲೇ ಬೀಳದು.

ಚಳಿಗಾಲದ ಒಂದು ಕಿರಿಕಿರಿಗೆ ಮಾತ್ರ ಬಣ್ಣದಲ್ಲಿ ಮದ್ದಿಲ್ಲ. ಡಿಸೆಂಬರ್, ಜನವರಿಯಲ್ಲಿ ರಾಜ್ಯದ ತೀರ ತಣ್ಣನೆಯ ಊರುಗಳಲ್ಲಿ ಬೀದರ್ ಒಂದು. ಹಸಿ ಆರದ ಕಾಳನ್ನು ಪೆಟ್ಟಿಗೆಯಲ್ಲಿ ತುಂಬಿ ಬಾಗಿಲು ಹಾಕಿದರೆ, ರಾತ್ರಿ ತಣ್ಣಗಾದ ತಗಡಿನ ಒಳಮೈಯಲ್ಲಿ ತೇವ ಹನಿಗಟ್ಟಿ ಬೆಳಗಿನ ಜಾವ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಮೇಲಿನ ಸಾಲಿನ ಚೀಲಗಳಿಗೆ ಬೂಷ್ಟು ಹತ್ತುತ್ತದೆ. ಎದುರುಬದುರು ಎರಡು ಗಾಳಿಕಿಂಡಿ ಕೊಯ್ಸಿ ಜಾಲರಿ ಹಾಕಿಸುವುದೇ ಇದಕ್ಕೆ ದಾರಿ.

ಬಳಿಯುವ ಕ್ರಮ

ಕೆಲಸ ಶುರುವಾಗಬೇಕಾದದ್ದು ತುಕ್ಕಿನಿಂದ. ತಂತಿ ಬ್ರಷ್‌ನಿಂದ ಉಜ್ಜಿ, ತೊಳೆದು ಒಣಗಿಸಿ, ತುಕ್ಕು ತಡೆಯುವ ಪ್ರೈಮರ್ ಒಂದು ಕೋಟು, ಅದರ ಮೇಲೆ ಛಾವಣಿಗೆಂದೇ ತಯಾರಾದ ಬಿಳಿ ಲೇಪ ಎರಡು ಕೋಟು. ಬೆಳಿಗ್ಗೆ ಬಿಸಿಲೇರುವ ಮೊದಲು ಬಳಿಯಬೇಕು. ಕಾದ ತಗಡಿನ ಮೇಲೆ ಬಣ್ಣ ಹಿಡಿಯುವ ಮೊದಲೇ ಒಣಗಿ ಸಿಪ್ಪೆಯೇಳುತ್ತದೆ. ಹೊದಿಕೆ ಕೊಳ್ಳುವಾಗ ಎಷ್ಟು ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ), ಅತಿನೇರಳೆ ಕಿರಣದ ರಕ್ಷಣೆ ಎಷ್ಟು ವರ್ಷದ್ದು ಎಂಬೆರಡನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ಧೂಳು ಕೂತ ಬಿಳಿ ಅರ್ಧ ಬಿಳಿ ಮಾತ್ರ. ಶಿವರಾತ್ರಿಯ ಹೊತ್ತಿಗೆ ಛಾವಣಿ ತೊಳೆದರೆ ಬೇಸಿಗೆಗೆ ತಯಾರು. ಮಿರಗದ ಮಳೆಗೆ ಮುಂಚೆ ಹಗ್ಗ, ಬೋಲ್ಟು ಬಿಗಿ ಮಾಡಿಸಿ, ಕಿತ್ತ ಹೊಲಿಗೆಗೆ ತೇಪೆ ಹಾಕಿಸಿದರೆ ವರ್ಷದ ಕೆಲಸ ಮುಗಿಯಿತು.