ಹೊಡೆದಾಟವಿಲ್ಲದ ಮಾಯೆ: ವಿಡಿಯೋ ಗೇಮಿನಲ್ಲಿ, ಕೊಳ್ಳೇಗಾಲದ ಸೀಮೆಯಲ್ಲಿ



ನೀವು ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಯವರಾಗಿದ್ದರೆ ಈ ಅನುಭವ ನಿಮಗೆ ಆಗಿಯೇ ಇರುತ್ತದೆ. ಮೈಸೂರಿಗೋ ಬೆಂಗಳೂರಿಗೋ ಓದಲು ಹೋಗಿ ಊರಿನ ಹೆಸರು ಹೇಳಿದ ಕೂಡಲೇ ಎದುರಿಗಿದ್ದವರು ಹೆದರಿದಂತೆ ನಟಿಸುತ್ತಾರೆ. "ಓಹೋ, ಕೊಳ್ಳೇಗಾಲವೋ! ನಮಗೇನೂ ಮಾಡಿಸಿಬಿಡಬೇಡಪ್ಪಾ" ಎಂದು ನಗುತ್ತಾರೆ. ವಿಡಿಯೋ ಗೇಮುಗಳ ಬಗ್ಗೆ ನಾವು ನಡೆಸಿದ ಸಂವಾದವೊಂದರ ಚಿತ್ರೀಕರಣ ಮುಗಿದು ದೀಪಗಳನ್ನು ಆರಿಸುತ್ತಿದ್ದಾಗ, ಆ ಕಡೆಯ ವಿದ್ಯಾರ್ಥಿನಿಯೊಬ್ಬಳು ಬಂದು, "ಸಾರ್, ಹಾಸ್ಟೆಲಿನಲ್ಲಿ ನನ್ನನ್ನು ನಿಂಬೆಹಣ್ಣು ಅಂತಲೇ ಕರೀತಾರೆ. ಅವರೇ ರಾತ್ರಿಯೆಲ್ಲಾ ಕೂತು ಗೇಮಿನಲ್ಲಿ ಮಂತ್ರ ಹಾಕ್ತಿರ್ತಾರೆ. ಅಲ್ಲಿ ಮಂತ್ರ ಹಾಕಿದವನು ಹೀರೋ, ನಾನು ಊರಿನ ಹೆಸರು ಹೇಳಿದರೆ ಮಾತ್ರ ಹೀಗೆ ಯಾಕೆ?" ಎಂದು ಕೇಳಿದಳು.

ಕಾರ್ಯಕ್ರಮದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ. ಕ್ಯಾಮೆರಾ ನಿಂತ ಮೇಲೆ ಬಂತು. ನಮ್ಮ ವೃತ್ತಿಯಲ್ಲಿ ಒಳ್ಳೆಯ ಪ್ರಶ್ನೆಗಳೆಲ್ಲ ಹೀಗೇ. ಅದಕ್ಕೆ ಉತ್ತರ ಹುಡುಕುವ ಪ್ರಯತ್ನವೇ ಈ ಲೇಖನ.

ಮೊದಲು ಗೇಮಿನ ಮಂತ್ರವನ್ನು ನೋಡೋಣ. ಹತ್ತು ಗೇಮುಗಳನ್ನು ತೆಗೆದುಕೊಂಡರೆ ಹೆಚ್ಚಿನವುಗಳಲ್ಲಿ ಮಂತ್ರವೆಂದರೆ ಬೆಂಕಿಯುಂಡೆ, ಸಿಡಿಲು, ವಿಷದ ಹೊಗೆ. ಎಲ್ಲವೂ ಹೊಡೆಯುವುದಕ್ಕೇ. ಏಕೆ ಹೀಗೆ? ತಯಾರಕರಿಗೆ ಕಲ್ಪನೆಯಿಲ್ಲವೆಂದಲ್ಲ. ಹೊಡೆಯುವುದನ್ನು ಕಂಪ್ಯೂಟರಿಗೆ ಹೇಳಿಕೊಡುವುದು ಅತಿ ಸುಲಭ. ರಾಕ್ಷಸನಿಗೆ 100 ಅಂಕಗಳ ಆಯಸ್ಸು, ಬೆಂಕಿಯುಂಡೆ ತಗುಲಿದರೆ 30 ಕಳೆಯಿರಿ, ಸೊನ್ನೆಯಾದರೆ ಬೀಳಿಸಿರಿ. ಮೂರನೆಯ ತರಗತಿಯ ವ್ಯವಕಲನ, ಅಷ್ಟೇ. ಅದೇ "ನೀರನ್ನು ಹೆಪ್ಪುಗಟ್ಟಿಸುವ ಮಂತ್ರ" ಎಂದು ಇಟ್ಟುಕೊಳ್ಳಿ. ಆ ನೀರಿನಲ್ಲಿ ತೇಲುತ್ತಿದ್ದ ದೋಣಿ ಏನಾಗಬೇಕು? ಮೀನು? ಮಂಜುಗಡ್ಡೆಯ ಮೇಲೆ ನಡೆಯಬಹುದೇ? ಪಕ್ಕದಲ್ಲಿ ಬೆಂಕಿ ಹಾಕಿದರೆ? ಒಂದು ಮಂತ್ರಕ್ಕೆ ನೂರು ಪ್ರಶ್ನೆ ಏಳುತ್ತವೆ, ನೂರಕ್ಕೂ ಯಾರೋ ಕುಳಿತು ಉತ್ತರ ಬರೆಯಬೇಕು.

2002ರಲ್ಲಿ ಅಮೆರಿಕದ ಬೆಥೆಸ್ಡಾ ಸಂಸ್ಥೆ ತಂದ ಮಾರೋವಿಂಡ್ ಎಂಬ ಗೇಮಿನಲ್ಲಿ ಗಾಳಿಯಲ್ಲಿ ತೇಲುವ ಮಂತ್ರವಿತ್ತು. ಅಲ್ಲಿಯ ಕೆಲವು ಮಾಂತ್ರಿಕರ ಮನೆಗಳಿಗೆ ಮೆಟ್ಟಿಲೇ ಇರಲಿಲ್ಲ; ತೇಲಬಲ್ಲವನು ಮಾತ್ರ ಒಳಗೆ ಬರಲಿ ಎಂಬ ಜಂಬ! 2006ರಲ್ಲಿ ಬಂದ ಮುಂದಿನ ಗೇಮಾದ ಆಬ್ಲಿವಿಯನ್‌ನಲ್ಲಿ ಈ ಮಂತ್ರ ಕಾಣೆಯಾಯಿತು. ಅದರಲ್ಲಿ ಕೋಟೆಯೊಳಗಿನ ಪಟ್ಟಣಗಳನ್ನು ಬೇರೆ ಬೇರೆ ತುಂಡುಗಳಾಗಿ ಮಾಡಿದ್ದರು. ಗೋಡೆ ಹಾರಿ ಹೋದರೆ ಅಲ್ಲಿ ಪಟ್ಟಣವೇ ಇರುತ್ತಿರಲಿಲ್ಲ. ಹೊಡೆಯುವ ಮಂತ್ರ ಗೇಮಿನ ಗೋಡೆಗಳನ್ನು ಹಾಗೇ ಬಿಡುತ್ತದೆ. ಹಾರುವ ಮಂತ್ರ ಅವನ್ನು ಲೆಕ್ಕಕ್ಕೇ ಇಲ್ಲದಂತೆ ಮಾಡುತ್ತದೆ.

ಮಾರೋವಿಂಡ್‌ನ ಇನ್ನೊಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಆಟದ ಆರಂಭದಲ್ಲೇ, ಊರಾಚೆಯ ದಾರಿಯಲ್ಲಿ, ಆಕಾಶದಿಂದ ಮಾಂತ್ರಿಕನೊಬ್ಬ ಕಿರುಚುತ್ತಾ ಬಂದು ನಿಮ್ಮ ಮುಂದೆಯೇ ಬಿದ್ದು ಸಾಯುತ್ತಾನೆ. ಅವನ ಬಳಿ ಮಂತ್ರದ ಸುರುಳಿಗಳಿರುತ್ತವೆ. ಓದಿ ನೆಗೆದರೆ ಮೈಲುಗಟ್ಟಲೆ ಹಾರಬಹುದು, ಆದರೆ ಶಕ್ತಿ ಇರುವುದು ಏಳೇ ಸೆಕೆಂಡು. ನೆಗೆಯುವುದನ್ನು ಯೋಚಿಸಿದ್ದ ಪುಣ್ಯಾತ್ಮ ಇಳಿಯುವುದನ್ನು ಯೋಚಿಸಿರಲಿಲ್ಲ. ಜಾಣ ಆಟಗಾರರು ನೆಲ ಮುಟ್ಟುವ ಮುನ್ನ ಎರಡನೆಯ ಸುರುಳಿಯನ್ನು ಓದುತ್ತಾರೆ. ನೆಗೆಯುವ ಶಕ್ತಿ ಕೊಡುವ ಮಂತ್ರವೇ ಬಿದ್ದಾಗ ಪೆಟ್ಟಾಗದಂತೆಯೂ ಕಾಯುತ್ತದೆ. ಇದನ್ನು ಗೇಮು ಬಾಯಿಬಿಟ್ಟು ಹೇಳುವುದಿಲ್ಲ. ನಿಯಮದಿಂದ ನೀವೇ ಊಹಿಸಿಕೊಳ್ಳಬೇಕು.

ಇನ್ನು ಕೊಳ್ಳೇಗಾಲದವರಿಗೆ ವಿಶೇಷವಾಗಿ ಹಿಡಿಸಬೇಕಾದ ಗೇಮು. ಹೆಸರೇ 'ಲೂಮ್', ಎಂದರೆ ಮಗ್ಗ. 1990ರಲ್ಲಿ ಲ್ಯೂಕಸ್‌ಫಿಲ್ಮ್ ಗೇಮ್ಸ್ ಹೊರತಂದ ಇದನ್ನು ರೂಪಿಸಿದವರು ಬ್ರಯನ್ ಮೊರಿಯಾರ್ಟಿ. ಇದರ ನಾಯಕ ನೇಕಾರರ ಕುಲದ ಹುಡುಗ. ಅವನ ಕೈಯಲ್ಲಿ ಕತ್ತಿಯಿಲ್ಲ, ನೂಲುವವರ ಒಂದು ಕೋಲಿದೆ. ಆ ಕೋಲಿನ ಮೇಲೆ ನಾಲ್ಕು ಸ್ವರ ನುಡಿಸಿದರೆ ಒಂದು ಮಂತ್ರ. ಆ ಮಂತ್ರಕ್ಕೆ 'ಡ್ರಾಫ್ಟ್' ಎಂದು ಹೆಸರು. ಬಟ್ಟೆಯಲ್ಲಿ ಯಾವ ಎಳೆ ಮೇಲೆ, ಯಾವುದು ಕೆಳಗೆ ಎಂದು ನೇಕಾರರು ಬರೆದಿಟ್ಟುಕೊಳ್ಳುವ ನಕ್ಷೆಗೂ ಇಂಗ್ಲಿಷಿನಲ್ಲಿ ಇದೇ ಹೆಸರು. ಹಿನ್ನೆಲೆ ಸಂಗೀತ ಚೈಕೋವ್‌ಸ್ಕಿಯ 'ಸ್ವಾನ್ ಲೇಕ್' ಬ್ಯಾಲೆಯದು. ಆಟದಲ್ಲಿ ಸಾಯುವುದು, ಸೋಲುವುದು ಎಂಬುದಿಲ್ಲ.

ಅದರ ಸೊಗಸಿರುವುದು ಒಂದೇ ನಿಯಮದಲ್ಲಿ: ಸ್ವರಗಳನ್ನು ಹಿಂದುಮುಂದಾಗಿ ನುಡಿಸಿದರೆ ಮಂತ್ರವೂ ಹಿಂದುಮುಂದಾಗುತ್ತದೆ. ತೆರೆಯುವ ಮಂತ್ರವನ್ನು ತಿರುಗಿಸಿದರೆ ಮುಚ್ಚುವ ಮಂತ್ರ. ಹುಲ್ಲನ್ನು ಚಿನ್ನ ಮಾಡುವುದನ್ನು ತಿರುಗಿಸಿದರೆ ಚಿನ್ನ ಹುಲ್ಲಾಗುತ್ತದೆ. ಯಾರಿಗೆ ಬೇಕು ಅದು ಎನ್ನುತ್ತೀರಾ? ಚಿನ್ನದ ರಾಶಿಯ ಮೇಲೆ ಕುಳಿತ ಡ್ರ್ಯಾಗನ್ ಎದುರಾದಾಗ ಗೊತ್ತಾಗುತ್ತದೆ. ಸಮುದ್ರದಲ್ಲಿ ದಾರಿ ತಡೆದ ಸುಂಟರಗಾಳಿಯ ನೀರುಕಂಬವನ್ನು, ಹುರಿ ಹಾಕುವ ಮಂತ್ರವನ್ನು ತಿರುಗಿಸಿ, ಹುರಿ ಬಿಚ್ಚಬೇಕು. ಕಮ್ಮಾರರ ಕುಲುಮೆಯಲ್ಲಿ ಕತ್ತಿಗೆ ಹರಿತ ಹಾಕುವ ಮಂತ್ರವನ್ನು ತಿರುಗಿಸಿ ಕತ್ತಿಯನ್ನೇ ಮೊಂಡು ಮಾಡಬೇಕು. ರೇಷ್ಮೆ ಮಗ್ಗದ ಸದ್ದು ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಹಾಕಿದ ನೇಯ್ಗೆಯನ್ನು ಬಿಚ್ಚಬೇಕಾದರೆ ಹಾಕಿದ ಕ್ರಮದಲ್ಲೇ ಹಿಂದಕ್ಕೆ ಹೋಗಬೇಕು.

ಈಗ ನಿಮ್ಮ ಸೀಮೆಗೇ ಬನ್ನಿ. ಕುಲುಮೆಯ ಮಾತು ಬಂತಲ್ಲ, ಹನೂರು ತಾಲ್ಲೂಕಿನ ಚಿಕ್ಕಲ್ಲೂರಿನಲ್ಲಿ ಗದ್ದುಗೆಯಾದ ಸಿದ್ಧಪ್ಪಾಜಿ ಹುಟ್ಟಿದ್ದೇ ಕಮ್ಮಾರರ ಮನೆಯಲ್ಲಿ. ಹುಟ್ಟಿದಾಗಿನ ಹೆಸರು ಕೆಂಪಾಚಾರಿ. ಮಂಟೇಸ್ವಾಮಿ ಅವನನ್ನು ಶಿಷ್ಯನನ್ನಾಗಿ ಮಾಡಿಕೊಂಡು ಹಲಗೂರಿನ ಪಾಂಚಾಳರಲ್ಲಿಗೆ ಕಳಿಸುವುದು ಯುದ್ಧಕ್ಕಲ್ಲ, ಕಬ್ಬಿಣದ ಭಿಕ್ಷೆಗೆ. ಅವರು ಕೊಡುವುದಿಲ್ಲ, ಒಂದಾದ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ಪವಾಡಗಳೆಲ್ಲ ನಡೆಯುವುದು ಆ ಪರೀಕ್ಷೆಗಳನ್ನು ದಾಟಲು. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಈ ಕಾವ್ಯವನ್ನು ಹಿ. ಚಿ. ಬೋರಲಿಂಗಯ್ಯ ಸಂಪಾದಿಸಿದ್ದಾರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕೇಳಿ ನೋಡಿ. ಸಾಧ್ಯವಾದರೆ ಬನದ ಹುಣ್ಣಿಮೆಯಲ್ಲಿ ಚಿಕ್ಕಲ್ಲೂರು ಜಾತ್ರೆಗೇ ಹೋಗಿ.

ಮಲೆ ಮಾದಪ್ಪನ ಕಥೆಯಲ್ಲಂತೂ ಇದು ಇನ್ನೂ ಸ್ಪಷ್ಟ. ಹುಲಿ ಎದುರಾದರೆ ಗೇಮಿನಲ್ಲಿ ಏನು ಮಾಡುತ್ತೀರಿ? ಮಾದಪ್ಪ ಅದನ್ನು ಕೊಲ್ಲುವುದಿಲ್ಲ, ಏರಿ ಸವಾರಿ ಮಾಡುತ್ತಾನೆ. ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಸಂಕಮ್ಮನ ಶೀಲಕ್ಕೆ ಆಣೆ-ಭಾಷೆ ಕೇಳಿ ಹಿಂಸಿಸಿದಾಗ, ಮಾದಪ್ಪನ ಮಹಿಮೆ ಕೆಲಸ ಮಾಡುವುದು ಆ ಹೆಣ್ಣುಮಗಳನ್ನು ಕಾಯುವುದಕ್ಕೆ. ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣ ದೊರೆಯನ್ನು ಕೊನೆಗಾಣಿಸುವುದೂ ಕತ್ತಿಯಿಂದಲ್ಲ, ಅರಗಿನ ಪಾದುಕೆಯ ಉಪಾಯದಿಂದ. ಅರಗು ಬಿಸಿಗೆ ಕರಗುತ್ತದೆ, ಬೆಂಕಿಗೆ ಉರಿಯುತ್ತದೆ. ವಿಜ್ಞಾನ ಓದಿದ ನನಗೆ ಈ ಸಾಲು ಕೇಳಿದಾಗಲೆಲ್ಲ ಸಂತೋಷವಾಗುತ್ತದೆ: ದೇವರ ಕಥೆಯಲ್ಲೂ ವಸ್ತುವಿನ ಗುಣ ಬದಲಾಗುವುದಿಲ್ಲ, ಅದನ್ನೇ ಬಳಸಿಕೊಳ್ಳುತ್ತಾರೆ.

ಈ ಮಾತನ್ನೇ ಬಹಳ ವರ್ಷಗಳ ಮೇಲೆ ಜಪಾನಿನ ನಿಂಟೆಂಡೊ ಸಂಸ್ಥೆಯವರು ಬೇರೆ ಭಾಷೆಯಲ್ಲಿ ಹೇಳಿದರು. 2017ರ 'ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್' ಗೇಮಿನಲ್ಲಿ ಅವರು ಮಂತ್ರಕ್ಕೊಂದು, ವಸ್ತುವಿಗೊಂದು ಉತ್ತರ ಬರೆಯುತ್ತಾ ಕೂರಲಿಲ್ಲ. ಮೂರು ಸೂತ್ರ ಇಟ್ಟುಕೊಂಡರು. ಬೆಂಕಿ, ನೀರು, ಗಾಳಿ, ವಿದ್ಯುತ್ತಿನಂಥವು ವಸ್ತುಗಳ ಸ್ಥಿತಿಯನ್ನು ಬದಲಿಸಬಲ್ಲವು. ಅವು ಒಂದನ್ನೊಂದೂ ಬದಲಿಸಬಲ್ಲವು. ಆದರೆ ವಸ್ತುವೊಂದು ಇನ್ನೊಂದು ವಸ್ತುವಿನ ಸ್ಥಿತಿಯನ್ನು ಬದಲಿಸಲಾರದು. ಇದಕ್ಕೆ ಅವರು ಕೊಟ್ಟ ಹೆಸರು 'ಕೆಮಿಸ್ಟ್ರಿ ಎಂಜಿನ್'. ಮರ ಉರಿಯುತ್ತದೆ, ಲೋಹದಲ್ಲಿ ವಿದ್ಯುತ್ ಹರಿಯುತ್ತದೆ, ನೀರಿನಿಂದ ಮಂಜಿನ ಕಂಬ ಎಬ್ಬಿಸಿ ಹೊಳೆ ದಾಟಬಹುದು. ಆಗ ಕೇಳಿದ ನೂರು ಪ್ರಶ್ನೆಗಳಿಗೆ ಮೂರು ಸೂತ್ರಗಳೇ ಉತ್ತರ ಕೊಡತೊಡಗಿದವು.

2023ರಲ್ಲಿ ಅದರ ಮುಂದಿನ ಭಾಗ 'ಟಿಯರ್ಸ್ ಆಫ್ ದ ಕಿಂಗ್‌ಡಮ್' ಬಂತು. ಅದರ ಮುಖ್ಯ ಶಕ್ತಿಗಳಲ್ಲಿ ಒಂದು, ಹಲಗೆ, ಚಕ್ರ, ದಿಮ್ಮಿಗಳನ್ನು ದೂರದಿಂದಲೇ ಎತ್ತಿ ಅಂಟಿಸುವುದು. ಇನ್ನೊಂದು, ಚಲಿಸಿದ ವಸ್ತುವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುವುದು. 'ಲೂಮ್'ನ ಹಿಂದುಮುಂದು ನೆನಪಾಗುತ್ತದಲ್ಲವೇ? ಮತ್ತೊಂದು, ತಲೆಯ ಮೇಲಿನ ಬಂಡೆಯನ್ನು ತೂರಿಕೊಂಡು ಮೇಲೇಳುವುದು. ಇದು ಮೊದಲು ಆಟಗಾರರಿಗೆಂದು ಮಾಡಿದ್ದೇ ಅಲ್ಲ. ಗವಿಗಳನ್ನು ಪರೀಕ್ಷಿಸುವಾಗ ಮತ್ತೆ ಅದೇ ದಾರಿಯಲ್ಲಿ ವಾಪಸು ನಡೆಯಲು ಬೇಸರವಾಗಿ, ತಯಾರಕರು ತಮಗಾಗಿ ಮಾಡಿಕೊಂಡಿದ್ದ ಅಡ್ಡದಾರಿ. ಸೋಮಾರಿತನಕ್ಕೂ ಒಮ್ಮೊಮ್ಮೆ ಫಲವುಂಟು. ಒಬ್ಬರೇ ಕುಳಿತು ಮಾಡಿದ ಗೇಮುಗಳೂ ಇವೆ. ಎರಿಕ್ ಬರೋನ್ 2016ರಲ್ಲಿ ತಂದ 'ಸ್ಟಾರ್‌ಡ್ಯೂ ವ್ಯಾಲಿ' ರೈತನ ಆಟ. ಅದರಲ್ಲಿ ಮರುದಿನ ಮಳೆ ಬರಿಸುವ ಒಂದು ಮರದ ಕಂಬವಿದೆ, ಬಳಸಿದರೆ ಅಂದು ಗಿಡಗಳಿಗೆ ನೀರು ಹೊರುವುದು ತಪ್ಪುತ್ತದೆ.

ಆ ಹುಡುಗಿಯ ಪ್ರಶ್ನೆಗೆ ಈಗ ಉತ್ತರಿಸಬಹುದು. ಗೇಮಿನ ಮಂತ್ರಕ್ಕೆ ನಿಯಮವಿದೆ. ನಾಲ್ಕು ಸ್ವರ ಸರಿಯಾಗಿ ನುಡಿಸಿದರೆ ಯಾರಿಗಾದರೂ ಬಾಗಿಲು ತೆರೆಯುತ್ತದೆ, ತಪ್ಪಿದರೆ ಯಾರಿಗೂ ಇಲ್ಲ. ನಾಳೆ ನುಡಿಸಿದರೂ ಅಷ್ಟೇ. ಮಾಟ ಮಾಡುತ್ತೇನೆ, ತೆಗೆಯುತ್ತೇನೆ ಎಂದು ಹಣ ಕೇಳುವವನ ಮಂತ್ರವನ್ನು ಹೀಗೆ ಪರೀಕ್ಷಿಸಿ ನೋಡಿ. ಫಲ ಕಂಡರೆ ಅವನ ಶಕ್ತಿ; ಕಾಣದಿದ್ದರೆ ನಿಮ್ಮ ವ್ರತಭಂಗ. ಎರಡು ಕಡೆಯೂ ಅವನೇ ಗೆಲ್ಲುವ ಆಟವಿದು. ನಂಬಿ ಬಂದವರು ಕಳೆದುಕೊಳ್ಳುವುದು ಅಂಕಗಳನ್ನಲ್ಲ. ದುಡಿದ ಹಣವನ್ನು, ಆಸ್ಪತ್ರೆಗೆ ಹೋಗಬೇಕಾದ ಸಮಯವನ್ನು. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯಲು ಕರ್ನಾಟಕ 2017ರಲ್ಲಿ ಅಂಗೀಕರಿಸಿದ ಕಾನೂನು 2020ರಲ್ಲಿ ಜಾರಿಗೆ ಬಂದಿದೆ. ಅದು ಇಡೀ ರಾಜ್ಯಕ್ಕೆ. ಏಕೆಂದರೆ ಇಂಥ ಅಂಗಡಿಗಳು ಎಲ್ಲ ಜಿಲ್ಲೆಗಳಲ್ಲೂ ಇವೆ, ಬೆಂಗಳೂರಿನಲ್ಲೂ ಇವೆ. ಬೋರ್ಡಿನ ಮೇಲೆ ಕೊಳ್ಳೇಗಾಲದ ಹೆಸರು ಬರೆದುಕೊಂಡರೆ ವ್ಯಾಪಾರ ಚೆನ್ನಾಗಿ ನಡೆಯುತ್ತದೆ, ಅಷ್ಟೇ. ಹೆಸರು ಕೆಡುವುದು ಮಾತ್ರ ಮಗ್ಗದ ಊರಿನದು, ಕಂಸಾಳೆಯ ಊರಿನದು.

ನಾನು ಇಷ್ಟನ್ನು ಹೇಳಿ, "ನೀನೇ ಒಂದು ಗೇಮು ಮಾಡುವುದಾದರೆ ಅದರಲ್ಲಿ ಯಾವ ಮಾಯೆ ಇಡುತ್ತೀಯಮ್ಮ?" ಎಂದು ಕೇಳಿದೆ. ಅವಳ ತಾಯಿಯ ತವರು ಯಳಂದೂರು. ಸ್ವಲ್ಪ ಯೋಚಿಸಿ ಬಿಳಿಗಿರಿರಂಗನ ಚಪ್ಪಲಿಯ ವಿಷಯ ತೆಗೆದಳು. ಎರಡು ವರ್ಷಕ್ಕೊಮ್ಮೆ ಹರಳಯ್ಯನ ಕುಲದವರು ರಂಗನಾಥನಿಗೆ ಒಂದು ಅಡಿ ಒಂಬತ್ತು ಅಂಗುಲದ ಚರ್ಮದ ಚಪ್ಪಲಿ ಮಾಡಿ ಒಪ್ಪಿಸುತ್ತಾರೆ. ದೇವರು ಅದನ್ನು ಮೆಟ್ಟಿ ಕಾಡಿನಲ್ಲಿ ತಿರುಗಾಡುತ್ತಾನೆ, ಅದಕ್ಕೇ ಅದು ಸವೆಯುತ್ತದೆ ಎಂಬುದು ನಂಬಿಕೆ.

"ಆಟಗಾರನಿಗೆ ಆ ಚಪ್ಪಲಿ ಕೊಡ್ತೀನಿ ಸಾರ್," ಎಂದಳು. "ಹಾಕ್ಕೊಂಡ್ರೆ ಆನೆ, ಕಾಟಿ ಯಾವುದೂ ಏನೂ ಮಾಡಲ್ಲ, ಬೆಟ್ಟ ಎಲ್ಲಾ ಸುತ್ತಬಹುದು. ಆದರೆ ಹೆಜ್ಜೆ ಹೆಜ್ಜೆಗೂ ಸವೀತಾ ಹೋಗತ್ತೆ. ಪೂರ್ತಿ ಸವೆಯೋದ್ರೊಳಗೆ ದೊಡ್ಡ ಸಂಪಿಗೆ ಮರದ ಹತ್ತಿರ ಹೋಗಿ ಬಂದುಬಿಡಬೇಕು."

"ಸವೆದುಹೋದರೆ?"

"ಹೊಲಿಯೋದು ಕಲೀಬೇಕು ಸಾರ್. ಹರಳಯ್ಯನ ಕುಲದವರ ಹತ್ತಿರ ಹೋಗಿ."